ಹೊಸ ದಂಪತಿಯ ಬಾಡಿಗೆ ಮನೆ ಮತ್ತು ತಿಂಗಳ ಲೆಕ್ಕ

(ಜುಮಾ ಬಯಾನ್‌ನ ಸಾರಾಂಶ)

 



ಶವ್ವಾಲ್ ಬಂತೆಂದರೆ ನಮ್ಮಲ್ಲಿ ನಿಕಾಹ್‌ಗಳ ಸಾಲು. ರಮಝಾನ್ ಮುಗಿದ ಮರುವಾರದಿಂದಲೇ ಮಸೀದಿಯ ದಫ್ತರ್ ಬಿಡುವಿಲ್ಲದೆ ನಡೆಯುತ್ತದೆ. ನಿಕಾಹ್ ಓದಿಸುವಾಗ ನಾವು ಮಹ್ರ್ ಎಷ್ಟು ಎಂದು ಕೇಳುತ್ತೇವೆ, ನಗದೋ ಉದ್ರಿಯೋ ಎಂದು ಕೇಳುತ್ತೇವೆ, ಸಾಕ್ಷಿಗಳ ಸಹಿ ಹಾಕಿಸುತ್ತೇವೆ, ಖರ್ಜೂರ ಹಂಚುತ್ತೇವೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. "ಮಗಾ, ಇನ್ನು ಮುಂದೆ ಎಲ್ಲಿ ಇರುತ್ತೀರಿ? ಅಲ್ಲಿ ತಿಂಗಳಿಗೆ ಎಷ್ಟು ಬೀಳುತ್ತದೆ?" ಹುಡುಗನ ತಂದೆ ಕೇಳುವುದಿಲ್ಲ, ಹುಡುಗಿಯ ತಂದೆಗೆ ಕೇಳಲು ಸಂಕೋಚ. ಎಂಟು ತಿಂಗಳ ಬಳಿಕ ಅದೇ ಇಬ್ಬರು ತಂದೆಯರು ನಮ್ಮ ಕೋಣೆಯಲ್ಲಿ ಎದುರುಬದುರು ಕೂರುತ್ತಾರೆ. ಆಗ ಎಲ್ಲರೂ ಅದೇ ಪ್ರಶ್ನೆ ಕೇಳುತ್ತಾರೆ, ಆದರೆ ಏರಿದ ದನಿಯಲ್ಲಿ.

ಮಿಂಬರಿನ ಪಕ್ಕ ಕೂತು ಲೈಟ್ ಬಿಲ್ಲು, ಗ್ಯಾಸು, ಅಡ್ವಾನ್ಸಿನ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ಸಹೀಹ್ ಬುಖಾರಿಯಲ್ಲಿ ನಮಾಝ್‌ಗೆ, ಉಪವಾಸಕ್ಕೆ ಅಧ್ಯಾಯವಿರುವಂತೆ 'ನಫಕಾತ್' ಎಂದು ಮನೆಖರ್ಚಿಗೂ ಒಂದು ಅಧ್ಯಾಯವಿದೆ. ಪ್ರವಾದಿ(ಸ)ರು ಬನೂ ನಝೀರ್‌ನ ಖರ್ಜೂರದ ಬೆಳೆಯಿಂದ ತಮ್ಮ ಮನೆಯವರಿಗೆ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರು ಎಂದು ಹಝ್ರತ್ ಉಮರ್(ರ) ತಿಳಿಸಿದ ಹದೀಸ್ ಅಲ್ಲಿದೆ. ಅಲ್ಲಾಹನ ಮೇಲೆ ಅವರಿಗಿಂತ ಹೆಚ್ಚು ತವಕ್ಕುಲ್ ಇಟ್ಟವರು ಯಾರಿದ್ದಾರೆ? ಆದರೂ ಅವರು ಒಂದು ವರ್ಷದ ಮುಂದಾಲೋಚನೆ ಮಾಡಿದರು. "ಅಲ್ಲಾಹ್ ನೋಡಿಕೊಳ್ಳುತ್ತಾನೆ ಹಝ್ರತ್" ಎಂದು ಹೇಳಿ ಲೆಕ್ಕ ಬರೆಯದೆ ಇರುವ ಯುವಕರು ಈ ಹದೀಸನ್ನು ನೆನಪಿಡಬೇಕು.

ಮೊದಲು ಮನೆಯ ಹಕ್ಕಿನ ಮಾತು. ಊಟ, ಬಟ್ಟೆ, ವಾಸ ಈ ಮೂರೂ ಹೆಂಡತಿಗೆ ಗಂಡ ಕೊಡಬೇಕಾದ ನಫಕಾದಲ್ಲಿ ಸೇರಿವೆ. ಹೆಂಡತಿ ಒಪ್ಪದಿದ್ದರೆ ಗಂಡನ ಮನೆಯವರು ಯಾರೂ ಇಲ್ಲದ ಪ್ರತ್ಯೇಕ ವಾಸಸ್ಥಳ ಅವಳ ಹಕ್ಕು ಎಂದು ಹನಫೀ ಫಿಕ್ಹ್‌ನ 'ಹಿದಾಯಾ' ಗ್ರಂಥ ಹೇಳುತ್ತದೆ. ಆದುದರಿಂದ ಬೇರೆ ಮನೆ ಮಾಡಿದ ಸೊಸೆಯನ್ನು "ಮನೆ ಮುರಿದವಳು" ಎಂದು ಕರೆಯುವ ಅಧಿಕಾರ ಯಾವ ಅತ್ತೆಗೂ ಇಲ್ಲ. ಅದೇ ರೀತಿ, ಸೂರಾ ತಲಾಖ್‌ನ ಏಳನೇ ಆಯತ್ ಖರ್ಚಿನ ಅಳತೆಯನ್ನು ಗಂಡನ ಶಕ್ತಿಗೆ ಕಟ್ಟಿದೆ. ಅನುಕೂಲ ಇದ್ದವನು ಅನುಕೂಲದಂತೆ, ಇಕ್ಕಟ್ಟಿನಲ್ಲಿರುವವನು ತನಗೆ ಸಿಕ್ಕಿದ್ದರಲ್ಲಿ. ಹನ್ನೊಂದು ಸಾವಿರದ ಮನೆ ಹಿಡಿಯಬಲ್ಲವನಿಂದ ಇಪ್ಪತ್ತು ಸಾವಿರದ ಅಪಾರ್ಟ್‌ಮೆಂಟ್ ಕೇಳುವುದು ಹಕ್ಕಲ್ಲ.

ನಾವು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದುವಾಗ ದೇಶದ ಬಜೆಟ್ ಬಗ್ಗೆ ಎಷ್ಟೋ ಪುಟ ಬರೆದೆವು. ಎರಡು ಜನರ ಮನೆಯ ಬಜೆಟ್ ಹೇಗೆ ಎಂದು ಒಂದು ಪುಟವೂ ಇರಲಿಲ್ಲ. ಅದನ್ನು ಕಲಿತದ್ದು ಈ ಊರಿನಲ್ಲಿ, ಬೆಂಗಳೂರಿನ ಮೊಹಲ್ಲಾಗಳಲ್ಲಿ, ಜನರ ಜಗಳಗಳನ್ನು ಕೇಳಿ ಕೇಳಿ.

ಮನೆಗೆ ಕಾಲಿಡುವ ಮುಂಚೆಯೇ ಬೀಳುವ ಖರ್ಚು ನೋಡಿ. ಬಾಡಿಗೆ 11,000 ಎಂದಿಟ್ಟುಕೊಳ್ಳೋಣ. ನಮ್ಮ ಊರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗ ಅನೇಕರು ಐದಾರು ತಿಂಗಳಿಗೆ ಒಪ್ಪುತ್ತಾರೆ. ಐದೇ ತಿಂಗಳು ಎಂದರೂ 55,000. ಮೊದಲ ತಿಂಗಳ ಬಾಡಿಗೆ 11,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮತ್ತೆ 11,000. ಒಟ್ಟು 77,000. ಇನ್ನೂ ಟೆಂಪೋ ಬಂದಿಲ್ಲ, ಫ್ಯಾನ್ ಹಾಕಿಲ್ಲ, ಬಕೆಟ್ ಕೊಂಡಿಲ್ಲ, ಗ್ಯಾಸ್ ಕನೆಕ್ಷನ್‌ನ ಡೆಪಾಸಿಟ್ ಕಟ್ಟಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಮೀರಬಾರದು ಎನ್ನುತ್ತದೆ. ಅದು ಹೆಸರೇ ಹೇಳುವಂತೆ ಮಾದರಿ. ನಮ್ಮ ಗಲ್ಲಿಯಲ್ಲಿ ಅದರ ಹೆಸರು ಹೇಳಿದರೆ ಮಾಲೀಕರು ನಗುತ್ತಾರೆ.

ಈ ಎಪ್ಪತ್ತೇಳು ಸಾವಿರ ಎಲ್ಲಿಂದ ಬರುತ್ತದೆ ಎಂಬುದೇ ನಮ್ಮ ಇಂದಿನ ಚಿಂತೆ. ಬಹಳ ಮನೆಗಳಲ್ಲಿ ಅದು ಹುಡುಗಿಯ ಕೊರಳಿನಿಂದ ಬರುತ್ತದೆ. ನಿಕಾಹ್‌ನಲ್ಲಿ ಎಲ್ಲರ ಮುಂದೆ ಮಹ್ರ್ ಎಂದು ಕೊಟ್ಟ ಬಂಗಾರವನ್ನು ತಿಂಗಳಾಗುವ ಮೊದಲೇ "ಕೊಡು, ಆರು ತಿಂಗಳಲ್ಲಿ ಬಿಡಿಸಿಕೊಡುತ್ತೇನೆ" ಎಂದು ಪಡೆದು ಅಡವಿಡುತ್ತಾರೆ. ಅಲ್ಲಿಗೆ ಎರಡು ತಪ್ಪು ಸೇರಿದವು. ಬಂಗಾರದ ಸಾಲಕ್ಕೆ ಬಡ್ಡಿ ಕಟ್ಟಬೇಕು. ಮತ್ತು ಆ ಬಂಗಾರ ಗಂಡನದ್ದಲ್ಲ. ಸೂರಾ ನಿಸಾದ ನಾಲ್ಕನೇ ಆಯತ್ ಮಹ್ರನ್ನು ಹೆಣ್ಣಿಗೆ ಸೇರಿದ್ದೆಂದು ಹೇಳಿ, ಅದರಲ್ಲಿ ಏನನ್ನಾದರೂ ಅವರು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅನುಭವಿಸಬಹುದು ಎನ್ನುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿ, ಮದುವೆಯಾಗಿ ಇಪ್ಪತ್ತು ದಿನ, ಗಂಡ ಕೈ ಚಾಚಿದ್ದಾನೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ಅವಳು "ಆಯ್ತು" ಎಂದದ್ದು ಮನಸಾರೆಯೋ ಅಲ್ಲವೋ ಎಂದು ನಿಮ್ಮ ಅಂತರಾತ್ಮವನ್ನೇ ಕೇಳಿ. ಪಡೆಯಲೇಬೇಕಾಗಿ ಬಂದರೆ ಅದು ಸಾಲ. ಬರೆದು ಕೊಡಿ. ಸೂರಾ ಬಕರದ 282ನೇ ಆಯತ್ ಇಡೀ ಕುರ್‌ಆನ್‌ನ ಅತ್ಯಂತ ಉದ್ದದ ಆಯತ್. ಅದು ಸಾಲವನ್ನು ಬರೆದಿಡುವುದರ ಬಗ್ಗೆ ಇದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಪಡಬಾರದು ಎಂಬುದು ಅದರ ತಾಕೀತು. ಗಂಡಹೆಂಡಿರ ನಡುವಿನ ಸಾಲಕ್ಕೆ ಅದರಲ್ಲಿ ವಿನಾಯಿತಿ ಇಲ್ಲ.

ಅಡ್ವಾನ್ಸ್ ಮತ್ತು ಬಾಡಿಗೆ ಎರಡೂ ಬೇಡವೆಂದು ಕೆಲವರು ಲೀಸ್‌ಗೆ ಹೋಗುತ್ತಾರೆ. ಏಳೆಂಟು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ಹಣ ವಾಪಸ್ ಪಡೆಯುವುದು. ಕೇಳಲು ಚೆನ್ನಾಗಿದೆ. ಆದರೆ ಆ ಹಣ ಮಾಲೀಕನ ಕೈಯಲ್ಲಿರುವ ಸಾಲ, ಮತ್ತು ನೀವು ಪುಕ್ಕಟೆ ಇರುವುದು ಆ ಸಾಲದ ಮೇಲಿನ ಲಾಭ. ಈ ಕಾರಣಕ್ಕೆ ನಮ್ಮ ಅನೇಕ ಮುಫ್ತಿಗಳು ಇದನ್ನು ಜಾಯಿಝ್ ಎನ್ನುವುದಿಲ್ಲ. ದೀನಿನ ಮಾತು ಪಕ್ಕಕ್ಕಿಟ್ಟರೂ ದುನಿಯಾದ ಅಪಾಯ ಕಡಿಮೆಯದಲ್ಲ. ಮನೆ ಮೊದಲೇ ಬ್ಯಾಂಕಿಗೆ ಅಡವಿದ್ದು, ಮಾಲೀಕ ಕಂತು ಕಟ್ಟದೆ ಹರಾಜಿನ ನೋಟಿಸ್ ಗೋಡೆಗೆ ಅಂಟಿದಾಗಲೇ ಲೀಸ್‌ದಾರರಿಗೆ ಗೊತ್ತಾದ ಪ್ರಸಂಗಗಳು ಈ ಊರಿನಲ್ಲಿ ಆಗಿವೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡದೆ ಲಕ್ಷಗಟ್ಟಲೆ ಕೊಡುವುದು ಯಾವ ಜಾಣತನ?

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡುತ್ತಾರೆ. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಬೇಕು, ಅದನ್ನು ತಪ್ಪಿಸಲು ಹನ್ನೊಂದು. ಅದಿರಲಿ. ಸಹಿ ಹಾಕುವ ಮುನ್ನ ನಾಲ್ಕು ಸಾಲು ನೀವೇ ಓದಿ, ಹೆಂಡತಿಗೂ ಓದಿ ಹೇಳಿ: ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯೋ ಬೇರೆಯೋ, ಬಿಡುವಾಗ ಪೇಂಟಿಂಗ್ ಎಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು. ಸೂರಾ ಮಾಯಿದಾ ಕರಾರುಗಳನ್ನು ಪೂರೈಸಿರಿ ಎಂಬ ಆದೇಶದಿಂದಲೇ ಶುರುವಾಗುತ್ತದೆ. ಓದದ ಕರಾರನ್ನು ಪೂರೈಸುವುದು ಹೇಗೆ?

ಈಗ ತಿಂಗಳ ಲೆಕ್ಕ. ಕಳೆದ ವರ್ಷ ನಮ್ಮ ಬಳಿ ಒಂದು ದಂಪತಿ ಬಂದಿದ್ದರು. ಅವರ ಅನುಮತಿ ಕೇಳಿಯೇ ಹೇಳುತ್ತಿದ್ದೇವೆ, ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇವೆ. ಹುಡುಗನಿಗೆ ಕೈಗೆ ಸಿಗುವ ಸಂಬಳ 32,000. ಮನೆ ಮಾಡಿ ಆರು ತಿಂಗಳು. ಹುಡುಗಿ ತವರಿಗೆ ಹೋಗಿ ಎರಡು ವಾರವಾಗಿತ್ತು. ಅವಳ ದೂರು: ಇವರು ಹಣವನ್ನು ಬೇರೆ ಎಲ್ಲಿಗೋ ಕಳಿಸುತ್ತಾರೆ, ಕೇಳಿದರೆ ಮಾತು ಹಾರಿಸುತ್ತಾರೆ. ಅವನ ದೂರು: ಇವಳ ಕೈ ಬಿಗಿ ಇಲ್ಲ, ತಿಂಗಳ ಇಪ್ಪತ್ತಕ್ಕೇ ಹಣ ಮುಗಿಯುತ್ತದೆ. ನಾವು ನಸೀಹತ್ ಏನೂ ಮಾಡಲಿಲ್ಲ. ಒಂದು ಹಾಳೆ, ಒಂದು ಪೆನ್ನು ಕೊಟ್ಟೆವು. ಅವಳು ಹೇಳುವುದು, ಅವನು ಬರೆಯುವುದು.

ಬಾಡಿಗೆ 11,000. ಮೇಂಟೆನೆನ್ಸ್ ಮತ್ತು ನೀರು 1,200. ಲೈಟ್ 600. ಗ್ಯಾಸ್‌ಗೆ ತಿಂಗಳಿಗೆ 500ರಂತೆ ಎತ್ತಿಟ್ಟರೆ ಸಾಕು, ಇಬ್ಬರಿಗೆ ಒಂದು ಸಿಲಿಂಡರ್ ಎರಡು ತಿಂಗಳ ಹತ್ತಿರ ಬರುತ್ತದೆ. ಎರಡು ಫೋನು, ಇಂಟರ್‌ನೆಟ್ ಸೇರಿ 1,000. ಅಕ್ಕಿ, ಎಣ್ಣೆ, ಹಾಲು, ತರಕಾರಿ, ಮಾಂಸ ಎಲ್ಲ ಸೇರಿ 8,000. ಪೆಟ್ರೋಲ್ 2,500. ಊರಿನಲ್ಲಿರುವ ಅಬ್ಬಾ ಅಮ್ಮಿಗೆ 3,000. ಕೂಡಿದರೆ 27,800. ಉಳಿಯಬೇಕಾದದ್ದು 4,200.

ಹುಡುಗಿ ನಮ್ಮ ಮುಖ ನೋಡಿದಳು. "ಹಝ್ರತ್, ನಾಲ್ಕು ಸಾವಿರ ಉಳಿಯಬೇಕಲ್ಲ? ಎಲ್ಲಿ ಹೋಯ್ತು?"

ಹುಡುಗ ತಲೆ ತಗ್ಗಿಸಿದ್ದ. ಬಹಳ ಹೊತ್ತಿನ ಮೇಲೆ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದ. ವಲೀಮಾದ ಊಟಕ್ಕೆ ತೆಗೆದ ಸಾಲದ ಕಂತು, 3,800. ಇನ್ನೂ ಎರಡು ವರ್ಷ ಇತ್ತು. ಮದುವೆಗೆ ಮೊದಲು ಹೇಳಿದರೆ ಹುಡುಗಿಯ ಕಡೆಯವರು ಏನೆಂದುಕೊಳ್ಳುತ್ತಾರೋ ಎಂದು ಮುಚ್ಚಿಟ್ಟ, ಮದುವೆಯ ಬಳಿಕ ಹೇಳಲು ನಾಲಗೆ ಏಳಲಿಲ್ಲ. ಉಳಿದದ್ದು 400 ರೂಪಾಯಿ. ಆ ನಾನೂರರಲ್ಲಿ ಜ್ವರ ಬಂದರೆ ಡಾಕ್ಟರ್, ಗೆಳೆಯನ ಮದುವೆಗೆ ಉಡುಗೊರೆ, ಈದ್‌ಗೆ ಬಟ್ಟೆ. ಇಪ್ಪತ್ತನೇ ತಾರೀಕಿಗೆ ಹಣ ಮುಗಿಯದೆ ಇನ್ನೇನಾಗುತ್ತದೆ? ಅವಳ ಕೈ ಬಿಗಿಯಾಗಿಯೇ ಇತ್ತು. ಅವಳು ಆಡಿದ ಮಾತು ನಮಗೆ ಇನ್ನೂ ನೆನಪಿದೆ: "ರೀ, ಹೇಳಿದ್ದರೆ ನಾನು ವಾರಕ್ಕೆ ಒಂದೇ ಸಲ ಮಾಂಸ ಮಾಡ್ತಿದ್ದೆ. ಸಾಲ ಇದೆ ಅಂತ ನನಗೆ ಸಿಟ್ಟಿಲ್ಲ. ಹೇಳಲಿಲ್ಲ ಅಂತ ಸಿಟ್ಟು."

ಪ್ರವಾದಿ(ಸ)ರು ನಮಾಝ್‌ನಲ್ಲಿ ಸಾಲದಿಂದ ಅಲ್ಲಾಹನ ರಕ್ಷೆ ಬೇಡುತ್ತಿದ್ದರು. ಏಕೆ ಇಷ್ಟೊಂದು ಎಂದು ಕೇಳಿದಾಗ, ಸಾಲಕ್ಕೆ ಬಿದ್ದವನು ಮಾತಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬ ಅರ್ಥದ ಉತ್ತರ ಕೊಟ್ಟರು. ಇದು ಬುಖಾರಿಯಲ್ಲಿದೆ. ಸಾಲ ಹಣವನ್ನು ತಿನ್ನುವುದಕ್ಕಿಂತ ಮೊದಲು ನಾಲಗೆಯನ್ನು ಕೆಡಿಸುತ್ತದೆ ಎಂದು ಈ ಹದೀಸ್‌ನಿಂದ ತಿಳಿಯುತ್ತದೆ. ಆ ಹುಡುಗ ಕೆಟ್ಟವನಲ್ಲ. ಫಜ್ರ್‌ಗೆ ಬರುತ್ತಿದ್ದವನು. ಆದರೂ ಆರು ತಿಂಗಳು ದಿನಾ ಹೆಂಡತಿಗೆ ಸಣ್ಣಸಣ್ಣ ಸುಳ್ಳು ಹೇಳಬೇಕಾಯಿತು. ಇನ್ನು ಆ ಸಾಲ ಯಾತಕ್ಕೆ ನೋಡಿ. ಹಝ್ರತ್ ಝೈನಬ್(ರ) ಅವರನ್ನು ಮದುವೆಯಾದಾಗ ಪ್ರವಾದಿ(ಸ)ರು ಕೊಟ್ಟ ವಲೀಮಾ ಒಂದು ಕುರಿಯದ್ದು. ಬೇರೆ ಯಾವ ಪತ್ನಿಯ ಮದುವೆಗೂ ಅಷ್ಟು ದೊಡ್ಡ ವಲೀಮಾ ಕೊಟ್ಟಿರಲಿಲ್ಲ ಎಂದು ಹಝ್ರತ್ ಅನಸ್(ರ) ಹೇಳುತ್ತಾರೆ. ನಮ್ಮ ಶಾದಿಮಹಲ್‌ಗಳಲ್ಲಿ ಒಂದು ರಾತ್ರಿ ಉಳಿದು ಎಸೆಯುವ ಬಿರಿಯಾನಿಯ ಕಂತನ್ನು ಎರಡು ವರ್ಷ ಕಟ್ಟುತ್ತಾ, ಬಾಡಿಗೆ ತಡವಾಯಿತೆಂದು ಮಾಲೀಕನಿಗೆ ಮುಖ ತಪ್ಪಿಸಿ ಓಡಾಡುವುದು.

ಆದುದರಿಂದ ನಿಕಾಹ್ ನಿಶ್ಚಯವಾದ ಪ್ರತಿಯೊಬ್ಬ ಯುವಕನಿಗೆ ಹೇಳುತ್ತೇವೆ: ಮನೆ ಹುಡುಕುವ ಮೊದಲು ನಿಮ್ಮ ಸಂಬಳ, ಸಾಲ, ಕಂತು, ಊರಿಗೆ ಕಳಿಸುವ ಹಣ ನಾಲ್ಕನ್ನೂ ಹುಡುಗಿಗೆ ತಿಳಿಸಿ. ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೂ. ಕಾರ್ಡಿನಲ್ಲಿ 'ಕನಿಷ್ಠ ಮೊತ್ತ' ಕಟ್ಟಿ ತಿಂಗಳು ತಳ್ಳುವವರು ತಿಂಗಳಿಗೆ ಶೇ. 3ಕ್ಕೂ ಮೇಲೆ ಬಡ್ಡಿ ಕಟ್ಟುತ್ತಿದ್ದಾರೆ. ಅದು ಬಡ್ಡಿ ಎಂದು ಅವರಿಗೆ ಅನಿಸುವುದೇ ಇಲ್ಲ, ಏಕೆಂದರೆ ಯಾರೂ ಬಾಗಿಲಿಗೆ ಬಂದು ಕೇಳುವುದಿಲ್ಲ. ಮೊಬೈಲ್‌ನಲ್ಲಿ ಎರಡು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಬಗ್ಗೆ ಹೇಳುವುದೇ ಬೇಡ. ನಿಮ್ಮ ಫೋನಿನಲ್ಲಿರುವ ಎಲ್ಲ ನಂಬರ್‌ಗಳಿಗೂ ಕರೆ ಮಾಡಿ ಮರ್ಯಾದೆ ತೆಗೆಯುತ್ತಾರೆ.

ಹೆಂಡತಿಯ ಸಂಬಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈಗ ನಮ್ಮ ಹೆಣ್ಣುಮಕ್ಕಳು ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವಳ ಸಂಬಳ ಅವಳದು. ಬಾಡಿಗೆ, ಊಟ, ಲೈಟ್ ಗಂಡನ ಜವಾಬ್ದಾರಿ. ಅವಳು ಮನೆಗೆ ಕೊಟ್ಟರೆ ಅದು ಅವಳ ಔದಾರ್ಯ. ಹಝ್ರತ್ ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರ ಪತ್ನಿ ಝೈನಬ್(ರ) ತನ್ನ ಹಣವನ್ನು ಗಂಡನ ಮೇಲೆ ಖರ್ಚು ಮಾಡಬಹುದೇ ಎಂದು ಕೇಳಿಸಿದಾಗ, ಅದಕ್ಕೆ ಎರಡು ಪ್ರತಿಫಲ ಎಂದು ಪ್ರವಾದಿ(ಸ)ರು ತಿಳಿಸಿದರು: ಸಂಬಂಧ ಉಳಿಸಿದ ಪ್ರತಿಫಲ ಒಂದು, ದಾನದ ಪ್ರತಿಫಲ ಇನ್ನೊಂದು.  ಇಬ್ಬರ ಸಂಬಳ ಕೂಡಿಸಿ, ಆ ಮೊತ್ತದ ಮೇಲೆ ದೊಡ್ಡ ಬಾಡಿಗೆಯ ಮನೆ ಹಿಡಿದವರ ಪಾಡು ನಾವು ನೋಡಿದ್ದೇವೆ. ಅವಳು ಬಸಿರಾಗುತ್ತಾಳೆ, ಐದನೇ ತಿಂಗಳಿಗೆ ವಾಂತಿ ನಿಲ್ಲುವುದಿಲ್ಲ, ರಜೆ ಮುಗಿದಿರುತ್ತದೆ, ಆದರೂ "ಇನ್ನೊಂದು ತಿಂಗಳು ಹೋಗು, ಬಾಡಿಗೆ ಇದೆ" ಎಂದು ಗಂಡ ಹೇಳಬೇಕಾಗುತ್ತದೆ. ಗಂಡನ ಒಂದು ಸಂಬಳದಲ್ಲಿ ತೂಗುವ ಮನೆಯನ್ನೇ ಹಿಡಿಯಿರಿ. ಅವಳದು ಬಂದರೆ ಅದರಿಂದ ಫ್ರಿಜ್ ಬರಲಿ, ಆಪತ್ಕಾಲಕ್ಕೆ ಉಳಿಯಲಿ, ಅವಳ ತವರಿಗೆ ಹೋಗಲಿ. ಹೌದು, ಅವಳಿಗೂ ತಂದೆ ತಾಯಿ ಇದ್ದಾರೆ.

ಕೆಲವು ಗಂಡಂದಿರ ತೊಂದರೆ ಬೇರೆ. ಸಂಬಳ ಚೆನ್ನಾಗಿದೆ, ಆದರೆ ಹೆಂಡತಿಯ ಕೈಗೆ ಒಂದು ರೂಪಾಯಿ ಕೊಡುವುದಿಲ್ಲ. ಹಾಲಿಗೆ ಬೇಕೆಂದರೂ ಅವನು ಫೋನ್‌ನಿಂದ ಕಳಿಸಬೇಕು. ಹಝ್ರತ್ ಹಿಂದ್(ರ) ಅವರು ಪ್ರವಾದಿ(ಸ)ರ ಬಳಿ ಬಂದು, ತನ್ನ ಗಂಡ ಅಬೂ ಸುಫ್ಯಾನ್ ಜಿಪುಣ, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ದೂರಿಕೊಂಡರು. ಗಂಡನ ದೂರು ಹೇಳಲು ಬಂದಳೆಂದು ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ. ಅವನ ಹಣದಿಂದ ರೂಢಿಯಂತೆ ನಿನಗೂ ಮಕ್ಕಳಿಗೂ ಸಾಕಾಗುವಷ್ಟು ತೆಗೆದುಕೋ ಎಂದು ಅನುಮತಿ ಕೊಟ್ಟರು. ರೂಢಿಯಂತೆ, ಸಾಕಾಗುವಷ್ಟು. ಈ ಎರಡು ಅಳತೆಗಳು ಗಂಡನ ಜಿಪುಣತನಕ್ಕೂ ಲಗಾಮು, ಹೆಂಡತಿಯ ಆಸೆಗೂ ಲಗಾಮು. ತಿಂಗಳ ಮೊದಲ ದಿನ ಅಡುಗೆಯ ಹಣವನ್ನು ಅವಳ ಕೈಗೆ ಕೊಟ್ಟುಬಿಡಿ. ಸಾಧ್ಯವಿದ್ದರೆ ನೋಟಿನಲ್ಲೇ ಕೊಡಿ. ಡಬ್ಬಿಯಲ್ಲಿ ನೋಟು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಿ ಟಣ್ ಎಂದು ಹೋದದ್ದು ಕಾಣುವುದಿಲ್ಲ.

ಊರಿಗೆ ಕಳಿಸುವ ಹಣವನ್ನು ಉಳಿದರೆ ನೋಡೋಣ ಎಂದು ಕೊನೆಗೆ ಇಡಬೇಡಿ, ಬಾಡಿಗೆಯ ಕೆಳಗಿನ ಸಾಲಿನಲ್ಲೇ ಬರೆಯಿರಿ. ಹೆಂಡತಿಯ ಎದುರಿಗೇ ಬರೆಯಿರಿ. ಗುಟ್ಟಾಗಿ ಕಳಿಸಿದ ಸಾವಿರ ರೂಪಾಯಿ, ತಿಳಿಸಿ ಕಳಿಸಿದ ಮೂರು ಸಾವಿರಕ್ಕಿಂತ ಹೆಚ್ಚು ಜಗಳ ತರುತ್ತದೆ.

ಇನ್ನು ಬಿಲ್ಲುಗಳು. ಗೃಹಜ್ಯೋತಿ 2023ರಲ್ಲಿ ಬಂದಾಗಿನಿಂದ ಬಾಡಿಗೆದಾರರೂ ಅದರ ಹಕ್ಕುದಾರರು. ಮೀಟರಿನ ಖಾತೆಗೆ ನಿಮ್ಮ ಆಧಾರ್ ಜೋಡಿಸಬೇಕು. ಹಿಂದಿನ ಮನೆಗೆ ಜೋಡಿಸಿದ್ದರೆ ಮೊದಲು ಅಲ್ಲಿಂದ ಬಿಡಿಸಿಕೊಳ್ಳಬೇಕು. ಇನ್ನೂರು ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ತಿಳಿದವರು ಬಹಳ. ಹಾಗಲ್ಲ. ಹಿಂದಿನ ಸರಾಸರಿ ಬಳಕೆ ನೋಡಿ ನಿಮಗೆ ಒಂದು ಮಿತಿ ಗೊತ್ತು ಮಾಡುತ್ತಾರೆ, ಅದನ್ನು ದಾಟಿದ ಯೂನಿಟ್‌ಗಳಿಗೆ ದುಡ್ಡು. ಇನ್ನೂರು ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮದು. 2,000 ವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಸ್ವಿಚ್ ಆರಿಸಲು ಮರೆತ ದಿನಗಳನ್ನು ಸೇರಿಸಿ ನೋಡಿ. ಕೆಲವು ಕಟ್ಟಡಗಳಲ್ಲಿ ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು ಮಾಲೀಕರೇ ಯೂನಿಟ್‌ಗೆ ಇಷ್ಟು ಎಂದು ವಸೂಲು ಮಾಡುತ್ತಾರೆ. ಅಂಥ ಮನೆಯಲ್ಲಿ ಈ ಯೋಜನೆ ನಿಮ್ಮ ಕೈಗೆ ಬರುವುದಿಲ್ಲ. ಮನೆ ನೋಡಲು ಹೋದಾಗ ಟೈಲ್ಸ್ ನೋಡುವ ಮೊದಲು ಮೀಟರ್ ಬೋರ್ಡ್ ನೋಡಿ.

ಹಾಗೆಯೇ ನೀರು. ಕಾವೇರಿ ಸಂಪರ್ಕವಿದೆಯೋ, ಬೋರ್‌ವೆಲ್ಲೋ, ಟ್ಯಾಂಕರೋ ಎಂದು ಕೇಳಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಳ ಬೆಲೆ ಹತೋಟಿ ತಪ್ಪಿ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಗಿ ಬಂತು. ಆ ವರ್ಷ ಬಾಡಿಗೆ ಕಡಿಮೆಯೆಂದು ಟ್ಯಾಂಕರ್ ನೆಚ್ಚಿದ ಮನೆ ಹಿಡಿದವರು ಕಷ್ಟಪಟ್ಟರು. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಎರಡು ಕೈ ಕೂಡಿಸಿದ ಒಂದು ಬೊಗಸೆಯಷ್ಟರಲ್ಲಿ, ವುಝೂ ಮಾಡುತ್ತಿದ್ದರು. ನಮ್ಮ ಹೌಝ್‌ನ ನಲ್ಲಿಯ ಮುಂದೆ ನಿಂತು ನೋಡಿದರೆ ನಾವು ಯಾರ ಉಮ್ಮತ್ ಎಂದು ಸಂಶಯ ಬರುತ್ತದೆ.

ಗ್ಯಾಸ್ ಕನೆಕ್ಷನ್ ಬರುವವರೆಗೆ ಅಂಗಡಿಯಲ್ಲಿ ತುಂಬಿಸಿದ ಚಿಕ್ಕ ಸಿಲಿಂಡರ್ ತರಬೇಡಿ, ಅದು ಮನೆಯೊಳಗೆ ಬಾಂಬ್ ಇಟ್ಟಂತೆ. ಗ್ಯಾಸ್ ಕಂಪನಿಗಳೇ ಐದು ಕೆ.ಜಿ. ಸಿಲಿಂಡರನ್ನು ಬರೀ ಗುರುತಿನ ಚೀಟಿ ನೋಡಿ ಕೊಡುತ್ತವೆ.

ಇಷ್ಟು ಹೊತ್ತು ಬಾಡಿಗೆದಾರರಿಗೆ ಹೇಳಿದೆವು. ಈಗ ಮುಂದಿನ ಸಫ್‌ನಲ್ಲಿರುವ ಹಿರಿಯರಿಗೆ. ನಮ್ಮ ಮೊಹಲ್ಲಾದ ಮನೆಗಳ ಮಾಲೀಕರು ಬಹುಪಾಲು ಮುಂದಿನ ಸಫ್‌ನಲ್ಲೇ ಇರುತ್ತೀರಿ, ಅಲ್ಲಾಹನು ನಿಮ್ಮ ನಮಾಝ್ ಸ್ವೀಕರಿಸಲಿ.

ಈ ಊರಿನ ಎಷ್ಟೋ ಕಡೆ ನಮ್ಮ ಮಕ್ಕಳು ಮನೆ ಕೇಳಲು ಹೋದರೆ ಹೆಸರು ಕೇಳಿದ ಕೂಡಲೇ "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎನ್ನುತ್ತಾರೆ. ಎಲ್ಲರೂ ಹಾಗಲ್ಲ, ಆದರೆ ಹಾಗೆ ಹೇಳುವವರಿದ್ದಾರೆ. ನಾಲ್ಕು ಬಾಗಿಲು ತಟ್ಟಿ, ಮುಖ ಸಣ್ಣದು ಮಾಡಿಕೊಂಡು ಆ ದಂಪತಿ ನಮ್ಮ ಗಲ್ಲಿಗೆ ಬರುತ್ತಾರೆ. ಇವರಿಗೆ ಬೇರೆ ದಾರಿಯಿಲ್ಲ ಎಂದು ನಮಗೆ ಗೊತ್ತು. ಹಾಗೆ ಗೊತ್ತಿದ್ದೇ ಬಾಡಿಗೆ ಎರಡು ಸಾವಿರ ಏರಿಸಿ ಹೇಳಿದರೆ, ಅಲ್ಲಿ ಬಾಗಿಲು ಮುಚ್ಚಿದವನಿಗೂ ನಮಗೂ ವ್ಯತ್ಯಾಸವೇನು? ಅವನು ಮನೆ ಕೊಡಲಿಲ್ಲ, ನಾವು ಅವನು ಕೊಡದಿದ್ದುದರ ಬೆಲೆ ವಸೂಲು ಮಾಡಿದೆವು.

ಅಡ್ವಾನ್ಸ್ ಹಣ ನಿಮ್ಮ ಆದಾಯವಲ್ಲ. ಅದನ್ನು ನೀವು ಬಳಸಿಕೊಂಡಿದ್ದರೆ ಅದು ನಿಮ್ಮ ಮೇಲಿನ ಸಾಲ. ಬಾಡಿಗೆದಾರ ಬೀಗದ ಕೈ ಒಪ್ಪಿಸಿದ ದಿನ ಅದು ಸಿದ್ಧವಿರಬೇಕು. "ಹೊಸಬರು ಬಂದು ಕೊಟ್ಟ ಮೇಲೆ ಕೊಡುತ್ತೇನೆ" ಎಂದು ಮೂರು ತಿಂಗಳು ಅಲೆಸುವವರಿದ್ದಾರೆ. ಕೊಡುವ ಶಕ್ತಿಯಿದ್ದವನು ಸಾಲ ಮರಳಿಸದೆ ಸತಾಯಿಸುವುದು ಝುಲ್ಮ್ ಎಂದು ಪ್ರವಾದಿ(ಸ)ರು ಹೇಳಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಗೋಡೆಗೆ ಒಂದು ಮೊಳೆ ಹೊಡೆದದ್ದಕ್ಕೆ, ಸಿಂಕ್‌ನಲ್ಲಿ ಒಂದು ಕಲೆಗೆ, ಕರಾರಿನಲ್ಲಿ ಬರೆಯದ ಪೇಂಟಿಂಗ್‌ಗೆ ಎಂದು ಹತ್ತಿಪ್ಪತ್ತು ಸಾವಿರ ಮುರಿದುಕೊಳ್ಳುವ ಮುನ್ನ, ಸಾಲ ಉಳಿಸಿ ತೀರಿಹೋದ ಒಬ್ಬರ ಜನಾಝಾ ಮುಂದಿಟ್ಟಾಗ ಪ್ರವಾದಿ(ಸ)ರು ತಾವು ನಮಾಝ್ ಮಾಡಿಸದೆ ಹಿಂದೆ ಸರಿದದ್ದನ್ನು, ಅಬೂ ಕತಾದಾ(ರ) ಅವರು ಆ ಕೆಲವು ದೀನಾರ್‌ಗಳ ಹೊಣೆ ಹೊತ್ತ ಬಳಿಕವಷ್ಟೇ ಮಾಡಿಸಿದ್ದನ್ನು ಒಮ್ಮೆ ನೆನೆಯಿರಿ. ಆ ಮೊತ್ತ ನಮ್ಮ ಒಂದು ಅಡ್ವಾನ್ಸಿನಷ್ಟೂ ಇರಲಿಲ್ಲವೇನೋ.

ಬಾಡಿಗೆದಾರರೂ ಕೇಳಿಸಿಕೊಳ್ಳಿ. ಕೊನೆಯ ತಿಂಗಳುಗಳ ಬಾಡಿಗೆ ಕಟ್ಟದೆ "ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ" ಎನ್ನುವುದು ಕರಾರಿನಲ್ಲಿಲ್ಲದಿದ್ದರೆ ಅದೂ ವಚನಭಂಗವೇ.

ಕೊನೆಗೆ ಎರಡು ಪ್ರಕಟಣೆಗಳು. ಒಂದು, ಇನ್ನು ಮುಂದೆ ನಮ್ಮ ಮಸೀದಿಯಲ್ಲಿ ನಿಕಾಹ್‌ಗೆ ಹೆಸರು ಬರೆಸುವವರು ಹುಡುಗ ಹುಡುಗಿಯ ದಾಖಲೆಗಳ ಜೊತೆ ಒಂದು ಹಾಳೆಯಲ್ಲಿ ತಿಂಗಳ ಲೆಕ್ಕವನ್ನೂ ಬರೆದು ತರಬೇಕು. ಆ ಹಾಳೆ ದಫ್ತರ್‌ನಲ್ಲಿ ಉಳಿಯುವುದಿಲ್ಲ, ನಾವು ಅದನ್ನು ಓದುವುದೂ ಇಲ್ಲ. ಹುಡುಗಿ ಓದಿದ್ದಾಳೆಂದು ಅವಳ ಸಹಿ ಇದೆಯೇ ಎಂದಷ್ಟೇ ನೋಡಿ ವಾಪಸ್ ಕೊಡುತ್ತೇವೆ. ಎರಡು, ಬಾಡಿಗೆ ಮನೆಯ ಅಡ್ವಾನ್ಸ್‌ಗೆಂದು ಬೈತುಲ್‌ಮಾಲ್‌ನಿಂದ ಖರ್ಝೆ ಹಸನಾ ಕೊಡಲು ಕಮಿಟಿಯವರು ಒಪ್ಪಿದ್ದಾರೆ. ಹಣ ನೇರವಾಗಿ ಮಾಲೀಕರಿಗೆ ಹೋಗುತ್ತದೆ. ದಂಪತಿ ಕೈಲಾದಷ್ಟು ತಿಂಗಳಿಗೆ ಕಟ್ಟುತ್ತಾ ಬರಬಹುದು. ತೀರುವ ಮೊದಲೇ ಮನೆ ಬಿಟ್ಟರೆ, ಉಳಿದ ಬಾಕಿಯನ್ನು ಮಾಲೀಕರು ಆ ಅಡ್ವಾನ್ಸಿನಿಂದ ಬೈತುಲ್‌ಮಾಲ್‌ಗೇ ಮರಳಿಸಬೇಕೆಂದು ಕರಾರಿನಲ್ಲಿ ಬರೆಸುತ್ತೇವೆ. ಇದಕ್ಕೆ ಒಪ್ಪುವ ಮಾಲೀಕರ ಹೆಸರುಗಳು ಬೇಕು. ಮೂವರು ಈಗಾಗಲೇ ಕೊಟ್ಟಿದ್ದಾರೆ. ಅರ್ಜಿಗಳು ಅಸರ್ ಬಳಿಕ ದಫ್ತರ್‌ನಲ್ಲಿ ಸಿಗುತ್ತವೆ, ಹೆಂಡತಿಯೂ ಜೊತೆಯಲ್ಲಿ ಬಂದರೆ ಒಳ್ಳೆಯದು, ಕೂರಲು ಬೇರೆ ಕೋಣೆಯ ವ್ಯವಸ್ಥೆ ಇದೆ.

ಖುತ್ಬಾಗೆ ಇನ್ನು ಹತ್ತು ನಿಮಿಷ ಇದೆ. ನಾಲ್ಕು ರಕಅತ್ ಸುನ್ನತ್ ನಿರ್ವಹಿಸಿಕೊಳ್ಳಿ.